ಸೀರೆ ಅಪರಾಧವಾದ ಕಾಲ: 1871ರ ಕಾಯ್ದೆ ಮತ್ತು ಅದರ ನಂತರ

ಬ್ರಿಟಿಷ್ ಸರ್ಕಾರ 1871ರಲ್ಲಿ ಜಾರಿಗೆ ತಂದ ಅಪರಾಧಿ ಬುಡಕಟ್ಟುಗಳ ಕಾಯ್ದೆಯು ಹಲವು ಅಲೆಮಾರಿ ಸಮುದಾಯಗಳಿಗೆ ಹುಟ್ಟಿನಿಂದಲೇ ಅಪರಾಧಿಗಳೆಂಬ ಹಣೆಪಟ್ಟಿ ಹಚ್ಚಿದ ಸಂಗತಿ ಚರಿತ್ರೆಯ ಓದುಗರಿಗೆ ಪರಿಚಿತವಾದುದೇ. ಆದರೆ ಅದರ ಎರಡನೆಯ ಭಾಗವು ಗಂಡಾಗಿ ಹುಟ್ಟಿದವರು ಹೆಣ್ಣಿನ ಉಡುಪು ತೊಟ್ಟು ಬೀದಿಗೆ ಬರುವುದನ್ನೇ ದಂಡನೀಯವಾಗಿಸಿತೆಂಬುದಕ್ಕೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ. ಮುಖ್ಯವಾಗಿ ವಾಯವ್ಯ ಪ್ರಾಂತ್ಯಗಳಲ್ಲಿ, ಅಂದರೆ ಇಂದಿನ ಉತ್ತರ ಪ್ರದೇಶದ ಬಹುಭಾಗದಲ್ಲಿ, ಜಾರಿಯಾದ ಈ ಭಾಗದ ಗುರಿ ಹಿಜ್ರಾ ಸಮುದಾಯವಾಗಿತ್ತು. ತಾವಾಗಿ ಒಪ್ಪಿಕೊಂಡ ಅಥವಾ ವೈದ್ಯಕೀಯ ತಪಾಸಣೆಯಲ್ಲಿ ಪುರುಷತ್ವವಿಲ್ಲದವರೆಂದು ಕಂಡುಬಂದ ಗಂಡಸರನ್ನು ಷಂಡರೆಂದು ಕರೆದ ಕಾನೂನು, ಮಕ್ಕಳ ಅಪಹರಣ ಅಥವಾ ದಂಡಸಂಹಿತೆಯ 377ನೆಯ ಕಲಮಿನ, ಅಂದರೆ ‘ಅಸಹಜ’ ಲೈಂಗಿಕ ಕೃತ್ಯದ, ಅಪರಾಧದ ಶಂಕೆ ಇದ್ದವರ ಹೆಸರು, ವಾಸಸ್ಥಳ ಮತ್ತು ಆಸ್ತಿಯನ್ನು ದಾಖಲೆ ಪುಸ್ತಕದಲ್ಲಿ ನಮೂದಿಸಲು ಆಜ್ಞಾಪಿಸಿತು. ಹೀಗೆ ನೋಂದಾಯಿತರಾದವರು ಹೆಣ್ಣಿನಂತೆ ಉಟ್ಟು ತೊಟ್ಟು ಸಾರ್ವಜನಿಕ ಸ್ಥಳದಲ್ಲಿ ಕಾಣಿಸಿಕೊಂಡರೆ, ಅಲ್ಲಿ ಕುಣಿದರೆ, ವಾದ್ಯ ನುಡಿಸಿದರೆ ಅಥವಾ ಹಣ ಪಡೆದು ಯಾರದಾದರೂ ಮನೆಯಲ್ಲಿ ಪ್ರದರ್ಶನ ಕೊಟ್ಟರೆ ವಾರಂಟ್ ಇಲ್ಲದೆ ಬಂಧಿಸಬಹುದಾಗಿತ್ತು. ಎರಡು ವರ್ಷಗಳವರೆಗಿನ ಸೆರೆವಾಸ, ಜುಲ್ಮಾನೆ ಅಥವಾ ಎರಡನ್ನೂ ವಿಧಿಸಬಹುದಾಗಿತ್ತು.

ಮಗು ಹುಟ್ಟಿದ ಮನೆಗೂ ಮದುವೆಯ ಮನೆಗೂ ಹೋಗಿ ಹಾಡಿ ಕುಣಿದು ಹರಸುವುದು ಹಿಜ್ರಾಗಳ ಜೀವನೋಪಾಯವಾಗಿದ್ದುದರಿಂದ, ಈ ನಿಷೇಧ ಅವರ ವೇಷವನ್ನೂ ಅನ್ನವನ್ನೂ ಒಟ್ಟಿಗೇ ಕಿತ್ತುಕೊಂಡಿತು. ನೋಂದಾಯಿತರು ದಾನಪತ್ರ ಅಥವಾ ಉಯಿಲು ಬರೆಯುವಂತಿರಲಿಲ್ಲ, ದತ್ತು ಪಡೆಯುವಂತಿರಲಿಲ್ಲ, ಹದಿನಾರು ವರ್ಷದೊಳಗಿನ ಹುಡುಗನನ್ನು ಮನೆಯಲ್ಲಿ ಇರಿಸಿಕೊಳ್ಳುವಂತಿರಲಿಲ್ಲ; ಗುರು ತನ್ನ ಗಳಿಕೆಯನ್ನು ಚೇಲಾಗೆ, ಅಂದರೆ ಶಿಷ್ಯೆಗೆ, ಬಿಟ್ಟುಹೋಗುವ ದಾರಿ ಇದರಿಂದ ಮುಚ್ಚಿತು. ಮರಾಠರ ಆಳ್ವಿಕೆಯಲ್ಲಿ ಊರುಗಳಿಂದ ಕಾಣಿಕೆ ಎತ್ತಲು ರಾಜಮಾನ್ಯತೆ ಪಡೆದಿದ್ದ ಸಮುದಾಯವನ್ನು ಒಂದು ತಲೆಮಾರಿನೊಳಗೆ ಅಳಿಸಿಬಿಡುವ ಈ ಇರಾದೆ, ಕೇವಲ ಅಪರಾಧ ತಡೆಯುವ ಕ್ರಮವೆಂಬ ಸರ್ಕಾರಿ ಸಮರ್ಥನೆಗೆ ಸ್ವಲ್ಪವೂ ಹೊಂದುವುದಿಲ್ಲ. ಪೊಲೀಸರು ಉಡುಪು ಕಳಚಿಸಿದ, ಕೂದಲು ಕತ್ತರಿಸಿದ ಪ್ರಸಂಗಗಳೂ ನಡೆದವು.

ವೇಷವೇ ಹೇಗೆ ಸಾಕ್ಷ್ಯವಾಗುತ್ತಿತ್ತು ಎಂಬುದಕ್ಕೆ 1884ರಲ್ಲಿ ಅಲಹಾಬಾದ್ ಹೈಕೋರ್ಟಿನ ಮುಂದೆ ಬಂದ ಖೈರಾತಿ ಪ್ರಕರಣ ಸ್ಪಷ್ಟ ನಿದರ್ಶನ. ಹೆಣ್ಣುಡುಗೆ ತೊಡುವ ರೂಢಿಗಾಗಿ ಮುರಾದಾಬಾದಿನ ಪೊಲೀಸರ ಕಣ್ಗಾವಲಿನಲ್ಲಿದ್ದ ಖೈರಾತಿ, ಹೆಂಗಸರ ನಡುವೆ ಹೆಣ್ಣಿನ ಉಡುಪಿನಲ್ಲಿ ಹಾಡುತ್ತಿದ್ದಾಗ ಸಿಕ್ಕಿದ್ದೂ, ಆ ಬಳಿಕ ನಡೆದ ದೇಹತಪಾಸಣೆಯೂ ಸೇರಿ, 377ನೆಯ ಕಲಮಿನಡಿ ಕೆಳ ನ್ಯಾಯಾಲಯದ ಶಿಕ್ಷೆಗೆ ಆಧಾರವಾದವು. ಕೃತ್ಯ ನಡೆದ ಕಾಲ, ಸ್ಥಳ, ಜೊತೆಗಿದ್ದ ವ್ಯಕ್ತಿ ಯಾವುದೂ ಸಾಬೀತಾಗಿಲ್ಲವೆಂದು ಹೈಕೋರ್ಟು ಬಿಡುಗಡೆ ಮಾಡಿತಾದರೂ, ಇಂಥ ನಡವಳಿಕೆಯನ್ನು ಹತ್ತಿಕ್ಕುವ ಅಧಿಕಾರಿಗಳ ಆಸೆಯನ್ನು ನ್ಯಾಯಮೂರ್ತಿಗಳು ಮೆಚ್ಚಿಯೇ ಬರೆದರು.

ಉತ್ತರ ಕರ್ನಾಟಕದ ಜೋಗಪ್ಪಗಳ ಪರಂಪರೆ ಹಿಜ್ರಾಗಳದಕ್ಕಿಂತ ಬೇರೆಯಾದ ನೆಲೆಯಲ್ಲಿ ಬೆಳೆದುಬಂದಿದೆ. ಗಂಡಾಗಿ ಹುಟ್ಟಿದವರ ಮೈಮೇಲೆ ಸವದತ್ತಿಯ ಎಲ್ಲಮ್ಮ ಬಂದಳೆಂದು ಮನೆಯವರು ನಂಬಿದಾಗ ಮುತ್ತು ಕಟ್ಟಿಸಿ, ಅಂದರೆ ದೇವಿಯ ಹೆಸರಿನಲ್ಲಿ ಮಣಿಸರ ಕಟ್ಟಿಸಿ, ಸೀರೆ ಉಡಿಸುವ ಈ ರೂಢಿಯಲ್ಲಿ, ಜೋಗಪ್ಪ ಪಡ್ಡಲಿಗೆ, ಅಂದರೆ ದೇವಿಯ ಬುಟ್ಟಿ, ಹಿಡಿದು ಜೋಗ ಬೇಡುವುದು, ಕೊಡ ಹೊತ್ತು ಕುಣಿಯುವುದು, ಚೌಡಿಕೆ ವಾದ್ಯದ ದನಿಗೆ ದೇವಿಯ ಪದ ಹಾಡುವುದು ಊರಿಗೆ ಒಪ್ಪಿಗೆಯಾದ ನಡೆಗಳು. ಇದನ್ನು ಸ್ವಾತಂತ್ರ್ಯವೆಂದು ಹೊಗಳುವುದು ಅವಸರದ ಮಾತಾದೀತು; ಏಕೆಂದರೆ ಊರು ಒಪ್ಪಿದ್ದು ದೇವಿಯ ಆಜ್ಞೆಯನ್ನೇ ಹೊರತು ಆ ವ್ಯಕ್ತಿಯ ಇಚ್ಛೆಯನ್ನಲ್ಲ, ಆ ನಂಬಿಕೆ ಬರುವವರೆಗೆ ಹುಡುಗನ ಹೆಣ್ಣುನಡೆಗೆ ಮನೆಯಲ್ಲಿ ಬೈಗುಳ ಹೊಡೆತಗಳು ಬಿದ್ದದ್ದೂ ಉಂಟು. ಆದರೂ ಸೀರೆಯುಟ್ಟ ಗಂಡುದೇಹಕ್ಕೆ ಒಂದು ಹೆಸರು, ಒಂದು ಕಲೆ, ಒಂದು ಸ್ಥಾನ ಇಲ್ಲಿ ಇತ್ತೆಂಬುದು ಸಣ್ಣ ಸಂಗತಿಯಲ್ಲ. ಆ ಕಲೆಯ ಬಲದಿಂದಲೇ ಇದೇ ಪರಂಪರೆಯ ಮಂಜಮ್ಮ ಜೋಗತಿಯವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು.

ಕಾನೂನಿನ ಕಡೆಗೆ ಮರಳಿದರೆ, 1911ರ ಹೊಸ ಅಪರಾಧಿ ಬುಡಕಟ್ಟುಗಳ ಕಾಯ್ದೆಯಲ್ಲಿ 1871ರ ಆ ಎರಡನೆಯ ಭಾಗಕ್ಕೆ ಜಾಗವಿರಲಿಲ್ಲ. ಆದರೆ ಬೀದರ್, ಕಲಬುರಗಿ, ರಾಯಚೂರು ಸೇರಿದ್ದ ನಿಜಾಮರ ಸಂಸ್ಥಾನವು ಫಸಲಿ 1329ರಲ್ಲಿ, ಅಂದರೆ 1919ರ ಸುಮಾರಿಗೆ, ಅದೇ ಅಚ್ಚಿನ ಕಾನೂನೊಂದನ್ನು ಮಾಡಿ, ಹೆಣ್ಣುಡುಪಿಗೆ ಎರಡು ವರ್ಷಗಳ ಶಿಕ್ಷೆಯನ್ನು ಹಾಗೆಯೇ ಉಳಿಸಿಕೊಂಡಿತು. ಇನ್ನೂ ಹೆಚ್ಚು ಕಳವಳ ಹುಟ್ಟಿಸುವುದು 2011ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ ಸೇರಿದ 36ಎ ಕಲಮು: ಬಾಲಕರ ಅಪಹರಣ ಮತ್ತು ‘ಅಸಹಜ’ ಅಪರಾಧದ ಶಂಕೆಯ ಮೇಲೆ ಷಂಡರ ಹೆಸರು ಮತ್ತು ವಿಳಾಸಗಳ ದಾಖಲೆ ಇಡುವ ಅಧಿಕಾರವನ್ನು ಅದು ಪೊಲೀಸರಿಗೆ ಕೊಟ್ಟಾಗ, 140 ವರ್ಷಗಳ ಹಿಂದಿನ ವಾಕ್ಯಗಳೇ ವಿಧಾನಸೌಧದಿಂದ ಹೊರಟಂತಿತ್ತು. ಉಡುಪು, ಮಾತು, ನಡವಳಿಕೆಗಳ ಮೂಲಕ ತನ್ನ ಲಿಂಗವನ್ನು ವ್ಯಕ್ತಪಡಿಸುವುದು ಸಂವಿಧಾನದ ಅಭಿವ್ಯಕ್ತಿ ಸ್ವಾತಂತ್ರ್ಯಕ್ಕೆ ಸೇರಿದ್ದೆಂದು ಸುಪ್ರೀಂ ಕೋರ್ಟು 2014ರ ಏಪ್ರಿಲ್ 15ರಂದು ನಾಲ್ಸಾ (ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ) ಪ್ರಕರಣದಲ್ಲಿ ಸಾರಿದ ಮೇಲೆ, ಸಮುದಾಯದ ಸಂಘಟನೆಯೊಂದು ಕರ್ನಾಟಕ ಹೈಕೋರ್ಟಿನಲ್ಲಿ ಹೂಡಿದ ದಾವೆಯ ಒತ್ತಡದಲ್ಲಿ ಈ ಕಲಮಿನಿಂದ ‘ಷಂಡರು’ ಎಂಬ ಪದ ತೆಗೆದು ‘ವ್ಯಕ್ತಿಗಳು’ ಎಂದು ಮಾಡಲಾಯಿತು. ನಿಜಾಮರ ಕಾಲದ ಕಾನೂನಂತೂ ತೆಲಂಗಾಣದಲ್ಲಿ ಹಾಗೆಯೇ ಉಳಿದಿದ್ದು, ಅಲ್ಲಿನ ಹೈಕೋರ್ಟು ಅದನ್ನು ಅಸಾಂವಿಧಾನಿಕವೆಂದು ರದ್ದುಪಡಿಸಿದ್ದು 2023ರ ಜುಲೈ ತಿಂಗಳಲ್ಲಿ.