ಲೋಕಸಭೆಗೊಂದು, ವಿಧಾನಸಭೆಗೊಂದು: ನಿಲುವು ಬದಲಿಸುವ ಮತದಾರನ ಲೆಕ್ಕಾಚಾರ

ಯಾವ ಪಕ್ಷಕ್ಕೂ ಕಾಯಂ ಆಗಿ ಅಂಟಿಕೊಳ್ಳದೆ ಚುನಾವಣೆಯಿಂದ ಚುನಾವಣೆಗೆ ನಿಲುವು ಬದಲಿಸುವವರನ್ನು ತಟಸ್ಥ ಮತದಾರರೆಂದು ಕರೆಯುವುದು ರೂಢಿ. ಇವರದು ಗೊತ್ತುಗುರಿಯಿಲ್ಲದ ಮತ ಎಂಬ ತಾತ್ಸಾರವೂ ಇದೆ. ಕರ್ನಾಟಕದ ಫಲಿತಾಂಶಗಳು ಈ ಮಾತನ್ನು ಒಪ್ಪುವುದಿಲ್ಲ.

1984ರ ಡಿಸೆಂಬರ್‌ನಲ್ಲಿ ಲೋಕಸಭಾ ಚುನಾವಣೆ ನಡೆದಾಗ ಇಂದಿರಾ ಗಾಂಧಿ ಹತ್ಯೆಯಾಗಿ ಎರಡು ತಿಂಗಳೂ ತುಂಬಿರಲಿಲ್ಲ. ಅನುಕಂಪದ ಅಲೆಯಲ್ಲಿ ರಾಜ್ಯದ 28 ಸ್ಥಾನಗಳ ಪೈಕಿ 24 ಕಾಂಗ್ರೆಸ್ ಪಾಲಾದವು. ರಾಜ್ಯದಲ್ಲಿ ಅಧಿಕಾರದಲ್ಲಿದ್ದ ಜನತಾ ಪಕ್ಷಕ್ಕೆ ದಕ್ಕಿದ್ದು ನಾಲ್ಕೇ. ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ ರಾಜೀನಾಮೆಯಿತ್ತು ಹೊಸ ಜನಾದೇಶ ಕೋರಿದರು. 1985ರ ಮಾರ್ಚ್‌ನಲ್ಲಿ ಇದೇ ರಾಜ್ಯ ಜನತಾ ಪಕ್ಷಕ್ಕೆ ವಿಧಾನಸಭೆಯ 224ರಲ್ಲಿ 139 ಸ್ಥಾನಗಳನ್ನು ನೀಡಿತು. ಕಾಂಗ್ರೆಸ್‌ಗೆ 65. ದೆಹಲಿ ಯಾರಿಗೆ ಎಂಬುದು ಒಂದು ಪ್ರಶ್ನೆ, ವಿಧಾನಸೌಧ ಯಾರಿಗೆ ಎಂಬುದು ಮತ್ತೊಂದು. ಎರಡಕ್ಕೂ ಉತ್ತರ ಬೇರೆಯಾಯಿತು, ಅಷ್ಟೆ.

2023ರಲ್ಲಿ 135 ಶಾಸಕರನ್ನು ಗೆಲ್ಲಿಸಿಕೊಂಡ ಕಾಂಗ್ರೆಸ್ 2024ರ ಲೋಕಸಭಾ ಚುನಾವಣೆಯಲ್ಲಿ ಒಂಬತ್ತು ಸ್ಥಾನಗಳಿಗೆ ನಿಂತಿದ್ದೂ ಇದೇ ಜಾಡಿನಲ್ಲಿ.

ಅಲ್ಪ ಪ್ರಮಾಣದ ಪಲ್ಲಟವೂ ಸರ್ಕಾರ ಬದಲಿಸಬಲ್ಲದು. ಬಿಜೆಪಿಯ ಮತಪ್ರಮಾಣ 2018ರಲ್ಲೂ 2023ರಲ್ಲೂ ಶೇ 36ರ ಆಸುಪಾಸಿನಲ್ಲೇ ಇತ್ತು. ಸ್ಥಾನಗಳು ಮಾತ್ರ 104ರಿಂದ 66ಕ್ಕೆ ಕುಸಿದವು. ಜೆಡಿಎಸ್ ಸುಮಾರು ಶೇ 5ರಷ್ಟು ಮತ ಕಳೆದುಕೊಂಡಿತು, ಕಾಂಗ್ರೆಸ್ ಹೆಚ್ಚುಕಡಿಮೆ ಅಷ್ಟನ್ನೇ ಗಳಿಸಿತು. ಬೆಲೆಯೇರಿಕೆ, ಗ್ಯಾರಂಟಿ ಭರವಸೆಗಳ ಜತೆಗೆ, ಮೂರನೆಯ ಸ್ಥಾನದಲ್ಲಿರುವ ಅಭ್ಯರ್ಥಿಗೆ ಹಾಕಿದ ಮತ ವ್ಯರ್ಥವೆಂಬ ಭಾವನೆಯೂ ಇಂಥ ಕಡೆ ಕೆಲಸ ಮಾಡುತ್ತದೆ.

ಪಕ್ಷಕ್ಕಿಂತ ಅಭ್ಯರ್ಥಿಯೇ ಮುಖ್ಯವಾಗುವುದಕ್ಕೆ ಮಂಡ್ಯಕ್ಕಿಂತ ಉತ್ತಮ ನಿದರ್ಶನ ಸಿಗುವುದು ಕಷ್ಟ. 2018ರಲ್ಲಿ ಈ ಲೋಕಸಭಾ ಕ್ಷೇತ್ರದ ಎಂಟೂ ವಿಧಾನಸಭಾ ಕ್ಷೇತ್ರಗಳು ಜೆಡಿಎಸ್ ಕೈಯಲ್ಲಿದ್ದವು. 2019ರಲ್ಲಿ ಮುಖ್ಯಮಂತ್ರಿಯಾಗಿದ್ದ ಎಚ್‌.ಡಿ. ಕುಮಾರಸ್ವಾಮಿ ಅವರ ಪುತ್ರ ನಿಖಿಲ್, ಕಾಂಗ್ರೆಸ್ ಮೈತ್ರಿಯ ಬೆಂಬಲದೊಂದಿಗೆ ಕಣಕ್ಕಿಳಿದರು. ಗೆದ್ದವರು ಪಕ್ಷೇತರ ಅಭ್ಯರ್ಥಿ ಸುಮಲತಾ; ಅಂತರ 1.25 ಲಕ್ಷಕ್ಕೂ ಹೆಚ್ಚು. ಕೆಲವೇ ತಿಂಗಳ ಹಿಂದೆ ಅಗಲಿದ್ದ ಪತಿ ಅಂಬರೀಷ್ ಮೇಲಿನ ಅಭಿಮಾನ, ಒಂದೇ ಕುಟುಂಬಕ್ಕೆ ಮತ್ತೊಂದು ಟಿಕೆಟ್ ಎಂಬ ಅಸಮಾಧಾನ, ದಶಕಗಳ ಎದುರಾಳಿಗೆ ಮತ ಕೇಳಲು ಸ್ಥಳೀಯ ಕಾಂಗ್ರೆಸ್ಸಿಗರ ಹಿಂಜರಿಕೆ, ಕಣದಿಂದ ಹೊರಗುಳಿದ ಬಿಜೆಪಿಯ ಬೆಂಬಲ ಎಲ್ಲವೂ ಒಟ್ಟುಗೂಡಿದ್ದವು. ಮೈತ್ರಿ ನಾಯಕರ ಕೂಡಿಸುವ ಲೆಕ್ಕ ಮತಗಟ್ಟೆಯಲ್ಲಿ ತಾಳೆಯಾಗಲಿಲ್ಲ.

2023ರಲ್ಲಿ ಆ ಎಂಟರ ಪೈಕಿ ಜೆಡಿಎಸ್ ಗೆದ್ದದ್ದು ಕೆ.ಆರ್. ಪೇಟೆಯೊಂದನ್ನೇ. ಮರುವರ್ಷ ಬಿಜೆಪಿ ಮೈತ್ರಿಯೊಂದಿಗೆ ಸ್ವತಃ ಕುಮಾರಸ್ವಾಮಿ ಸ್ಪರ್ಧಿಸಿದಾಗ ಮಂಡ್ಯ ಅವರನ್ನು ಭಾರಿ ಅಂತರದಿಂದ ಲೋಕಸಭೆಗೆ ಕಳುಹಿಸಿತು.