ಗೊಮ್ಮಟನ ಪಾದಮೂಲದ ಅಕ್ಷರಗಳು

ಬೆಳ್ಗೊಳದ ದೊಡ್ಡಬೆಟ್ಟವನ್ನೇರಿ ಬಾಹುಬಲಿಸ್ವಾಮಿಯ ದರ್ಶನ ಪಡೆವ ಶ್ರಾವಕ ಶ್ರಾವಿಕೆಯರ ದೃಷ್ಟಿ ಸಹಜವಾಗಿಯೇ ಮೇಲಕ್ಕೆ, ಆ ಪ್ರಶಾಂತ ಮುಖಮಂಡಲದ ಕಡೆಗೆ ಹರಿಯುತ್ತದೆ. ಪಾದಗಳ ಇಕ್ಕೆಲದ ಹುತ್ತದ ಶಿಲೆಯಲ್ಲಿ ಕೊರೆದಿರುವ ಕಿರುಬರಹಗಳನ್ನು ಗಮನಿಸುವವರು ವಿರಳ. ಒಂದೊಂದೂ ಎರಡು ಮೂರು ಮಾತಿನಷ್ಟೇ. ಆದರೂ ಭಾಷೆಯೊಂದರ ಪ್ರಾಚೀನತೆಯನ್ನು ನಿರ್ಣಯಿಸುವ ಕ್ರಮವೆಂತಹುದು, ಅದರಲ್ಲಿ ಎಡವುವುದೆಷ್ಟು ಸುಲಭ ಎಂಬುದನ್ನು ಅರಿಯಲು ಇದಕ್ಕಿಂತ ಹತ್ತಿರದ ನಿದರ್ಶನ ನಮಗೆ ದೊರೆಯಲಾರದು.

ಚಾವುಂಡರಾಯನು ಇದನ್ನು ಮಾಡಿಸಿದನೆಂಬ ಒಂದೇ ಸಂಗತಿ ಅಲ್ಲಿ ಮೂರು ಭಾಷೆಗಳಲ್ಲಿದೆ. ಕನ್ನಡವು ಕನ್ನಡ ಲಿಪಿಯಲ್ಲಿಯೂ, ತಮಿಳು ಗ್ರಂಥ ಮತ್ತು ವಟ್ಟೆಳುತ್ತು ಲಿಪಿಗಳಲ್ಲಿಯೂ, ಮರಾಠಿಯು ನಾಗರಿಯಲ್ಲಿಯೂ ಇವೆ. ಇವುಗಳೊಡನೆ, ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜನು ಸುತ್ತಾಲಯವನ್ನು ಮಾಡಿಸಿದನೆಂಬ ಬರಹ ಕನ್ನಡ ಮರಾಠಿಗಳೆರಡರಲ್ಲಿಯೂ ಉಂಟು.

ವಿಗ್ರಹದ ಪ್ರತಿಷ್ಠೆ 10ನೆಯ ಶತಮಾನದ ಕೊನೆಯಲ್ಲಿ ಆಯಿತೆಂಬುದು ಸುವಿದಿತ. 981ನ್ನು ಪ್ರತಿಷ್ಠಾವರ್ಷವೆಂದು ಗಣಿಸಿಯೇ 1981ರಲ್ಲಿ ಸಹಸ್ರಾಬ್ದಿಯ ಮಹಾಮಸ್ತಕಾಭಿಷೇಕ ನೆರವೇರಿತು. ಬರಹದಲ್ಲಿ ಚಾವುಂಡರಾಯನ ಹೆಸರಿದೆ. ಆದುದರಿಂದ ಬರಹವೂ ಅವನ ಕಾಲದ್ದೇ ಎಂದು ಹಿಂದಿನ ವಿದ್ವಾಂಸರಲ್ಲಿ ಹಲವರು ತರ್ಕಿಸಿದರು. ಹೀಗೆ ಆ ಮರಾಠಿ ಪಂಕ್ತಿ 983ರದೆಂದೂ, ಮರಾಠಿಯ ಮೊತ್ತಮೊದಲ ಶಾಸನವೆಂದೂ ಪಠ್ಯಪುಸ್ತಕಗಳಲ್ಲಿ ನೆಲೆಗೊಂಡಿತು. ಮರಾಠಿಯ ಆದಿವಾಕ್ಯ ನಮ್ಮ ಗೊಮ್ಮಟನ ಪಾದದಲ್ಲಿದೆಯೆಂಬುದು ಜೈನರಿಗೂ ಹೆಮ್ಮೆಯ ಮಾತಾಗಿತ್ತೆಂಬುದನ್ನು ಮರೆಮಾಚಬೇಕಿಲ್ಲ.

ಇಲ್ಲಿನ ದೋಷ ಸೂಕ್ಷ್ಮವಾದುದು. ಕಾರ್ಯ ನಡೆದ ಕಾಲ ಬೇರೆ, ಅದನ್ನು ಕುರಿತು ಬರೆದ ಕಾಲ ಬೇರೆ. ಅಜ್ಜ ಕಟ್ಟಿಸಿದ ಮನೆಗೆ ಮೊಮ್ಮಗನು ಫಲಕ ಹಾಕಿಸಬಹುದಲ್ಲವೆ? ಮುಂದಿನ ಸಂಶೋಧಕರು ಅರ್ಥವನ್ನು ಬದಿಗಿರಿಸಿ ಅಕ್ಷರಗಳನ್ನು ಅಕ್ಷರಗಳೊಡನೆಯೇ ಹೋಲಿಸಿದರು. ಚಾವುಂಡರಾಯನನ್ನು ಹೆಸರಿಸುವ ನಾಗರಿ ಪಂಕ್ತಿಯೂ ಗಂಗರಾಜನನ್ನು ಹೆಸರಿಸುವ ನಾಗರಿ ಪಂಕ್ತಿಯೂ ಒಂದೇ ಕೈಯ ಬರಹದಂತೆ ಕಂಡವು. ಎರಡರಲ್ಲಿಯೂ ‘ಕರವಿಯಲೇ’ ಎಂಬ ಒಂದೇ ಕ್ರಿಯಾಪದವಿದೆ. ಒಂದೇ ಕೈಯವಾದರೆ ಅವು ಗಂಗರಾಜನಿಗಿಂತ ಹಿಂದಿನವಾಗಲಾರವು. 12ನೆಯ ಶತಮಾನದ ಆದಿಭಾಗಕ್ಕೆ ಇಳಿಯಲೇಬೇಕು. ಹೆಮ್ಮೆಯಿಂದ ನೂರಕ್ಕೂ ಹೆಚ್ಚು ವರ್ಷ ಕಳೆದುಹೋಯಿತು, ನಿಜ. ಆದರೆ ಬೇರೊಂದು ಲಾಭವಾಯಿತು: ಹೊಯ್ಸಳರ ಕಾಲದಲ್ಲಿ ಮರಾಠಿ ಬಲ್ಲ ಯಾತ್ರಿಕರು ಬೆಳ್ಗೊಳಕ್ಕೆ ಬರುತ್ತಿದ್ದಿರಬೇಕೆಂದು ಊಹಿಸಲು ಆ ಪಂಕ್ತಿಗಳೇ ಆಧಾರವಾದವು.

ಕನ್ನಡದ ಬರಹಗಳಲ್ಲಿ ಭಾಷೆಯೇ ಸಾಕ್ಷಿ ನುಡಿಯುತ್ತದೆ. ಚಾವುಂಡರಾಯನ ಪಂಕ್ತಿಯಲ್ಲಿ ‘ಮಾಡಿಸಿದಂ’ ಎಂದಿದ್ದರೆ ಗಂಗರಾಜನದರಲ್ಲಿ ‘ಮಾಡಿಸಿದ’ ಎಂದಿದೆ. ಹಳಗನ್ನಡದ ಅಂತ್ಯದ ಬಿಂದು ಸಡಿಲುತ್ತಿದ್ದ ಕಾಲವದು. ಇದೊಂದರಿಂದಲೇ ಕಾಲನಿರ್ಣಯ ಮಾಡಲಾಗದು; ಹಳೆಯ ರೂಪವನ್ನು ಗೌರವದಿಂದ ಉಳಿಸಿಕೊಂಡ ಬರಹಗಾರರು ಎಲ್ಲ ಕಾಲದಲ್ಲಿಯೂ ಇದ್ದಾರೆ. ಲಿಪಿ, ರೂಪ, ಸಂಗತಿ ಮೂರೂ ಒಂದೇ ಕಡೆಗೆ ಬೆರಳು ತೋರಿದಾಗ ಮಾತ್ರ ನಿರ್ಣಯ ನಿಲ್ಲುತ್ತದೆ. ಆದರೆ ಪ್ರತಿಮಾಡುವವನು ‘ಮಾಡಿಸಿದ’ ಎಂಬುದು ತಪ್ಪೆಂದು ಬಗೆದು, ಭಕ್ತಿಯಿಂದಲೇ ಒಂದು ಬಿಂದು ಸೇರಿಸಿದನೆನ್ನಿ. ಆ ಸಾಕ್ಷ್ಯ ಅಲ್ಲಿಗೆ ಮುಗಿಯಿತು.

ರೈಸ್ ಅವರು 1889ರಲ್ಲಿ ಬೆಳ್ಗೊಳದ 144 ಶಾಸನಗಳನ್ನು ಪ್ರಕಟಿಸಿದರು. ಆರ್. ನರಸಿಂಹಾಚಾರ್ಯರ 1923ರ ಆವೃತ್ತಿಯಲ್ಲಿ ಅವು 500 ಆದವು. ಮೈಸೂರು ವಿಶ್ವವಿದ್ಯಾನಿಲಯದ 1973ರ ಆವೃತ್ತಿಯಲ್ಲಿ 573. ಅಷ್ಟು ಪ್ರಸಿದ್ಧವಾದ ಕ್ಷೇತ್ರದಲ್ಲಿಯೇ ಶಾಸನಗಳು ಹೀಗೆ ಒಂದೊಂದಾಗಿ ಬೆಳಕಿಗೆ ಬಂದಿರುವಾಗ, ಊರೂರ ಬಸದಿಗಳ ಅಧಿಷ್ಠಾನದಲ್ಲಿ, ಕಂಬದ ಬುಡದಲ್ಲಿ, ಬಿಂಬಗಳ ಪೀಠದಲ್ಲಿ ಇನ್ನೆಷ್ಟಿವೆಯೋ! ಜೀರ್ಣೋದ್ಧಾರದ ಉತ್ಸಾಹದಲ್ಲಿ ಸುಣ್ಣ ಬಳಿಯುವ ಮೊದಲು, ಉಳಿಯಿಂದ ಕಲ್ಲನ್ನು ನಯಗೊಳಿಸುವ ಮೊದಲು, ಅಕ್ಷರದ ಗುರುತು ಕಂಡಲ್ಲಿ ಶಾಸನತಜ್ಞರನ್ನು ಕರೆಸಿ ಕಾಗದದ ಅಚ್ಚು ತೆಗೆಸಬೇಕೆಂದು ಪ್ರತಿಷ್ಠಾ ಸಮಿತಿಗಳಲ್ಲಿ ನನ್ನ ಬಿನ್ನಹ. ಹೊಸದಾಗಿ ನಿಲ್ಲಿಸುವ ಶಿಲಾಫಲಕದಲ್ಲಿ ಬಸದಿಯನ್ನು ಮೊದಲು ಕಟ್ಟಿಸಿದವರ ಹೆಸರಿನೊಡನೆ, ಆ ಫಲಕವನ್ನು ಕೆತ್ತಿದ ವರ್ಷವನ್ನೂ ತಪ್ಪದೆ ಕೆತ್ತಿಸಿರಿ.