ನಮ್ಮನೇಲೊಂದು ನವಿಲಿದ್ದಿದ್ರೆ? ಎರಡೂವರೆ ಸಾವಿರ ವರ್ಷದ ಆಸೆಯ ಕಥೆ

(ಪಾಡ್‌ಕಾಸ್ಟ್‌ನ ಬರಹ ರೂಪ)

ಬನಶಂಕರಿ ಆರನೇ ಹಂತದ ಕಡೆ, ತುರಹಳ್ಳಿ ಕಾಡಿನ ಅಂಚಲ್ಲಿರೋ ಲೇಔಟ್‌ಗಳಲ್ಲಿ ಕೆಲವರಿಗೆ ಅಲಾರಂ ಬೇಕಾಗಲ್ಲ, ನವಿಲೇ ಕೂಗಿ ಎಬ್ಬಿಸುತ್ತೆ. ಧ್ವನಿ ಇಂಪಾಗೇನೂ ಇರಲ್ಲ. ಆದ್ರೂ ಟೆರೇಸ್ ಮೇಲೆ ಗರಿ ಇಳಿಬಿಟ್ಟು ಕೂತಿದ್ದನ್ನ ನೋಡಿದ ತಕ್ಷಣ ಒಂದು ಆಸೆ ಬರುತ್ತೆ: ಇದು ನಮ್ಮನೇಲೇ ಇದ್ದಿದ್ರೆ! ಈ ಆಸೆಗೆ ದೊಡ್ಡ ಇತಿಹಾಸ ಇದೆ. ಇವತ್ತಿನ ಕಥೆ ಅದೇ.

ಕೌಟಿಲ್ಯನ ಅರ್ಥಶಾಸ್ತ್ರದಿಂದ ಶುರು ಮಾಡೋಣ. ಅರಮನೆಯಲ್ಲಿ ಬೆಕ್ಕು, ಮುಂಗುಸಿ ಜೊತೆ ನವಿಲನ್ನೂ ಬಿಡಬೇಕು ಅಂತ ಅದರಲ್ಲಿದೆ. ಅಂದಕ್ಕಲ್ಲ, ಹಾವು ಹಿಡಿಯೋದಕ್ಕೆ. ಅಂದ್ರೆ ನವಿಲು ಅಲ್ಲಿ ಕಾವಲುಗಾರ. ಅಶೋಕನ ಅಡುಗೆಮನೆಯಲ್ಲಿ ಪಾಡು ಬೇರೆ. ದಿನಕ್ಕೆ ಎರಡು ನವಿಲು ಕೊಲ್ತಿದ್ದಾರೆ, ಮುಂದೆ ಅದೂ ನಿಲ್ಲುತ್ತೆ ಅಂತ ಅವನ ಮೊದಲನೇ ಬಂಡೆ ಶಾಸನವೇ ಹೇಳುತ್ತೆ.

ಮುದ್ದಿನ ನವಿಲು ಬೇಕಂದ್ರೆ ಗ್ರೀಸ್‌ಗೆ ಹೋಗಬೇಕು. ಕ್ರಿಸ್ತಪೂರ್ವ 5ನೇ ಶತಮಾನದ ಅಥೆನ್ಸ್‌ನಲ್ಲಿ ಪಿರಿಲಾಂಪೆಸ್ ಅಂತ ಒಬ್ಬ ಶ್ರೀಮಂತ ರಾಯಭಾರಿ ಇದ್ದ. ಏಷ್ಯಾ ಕಡೆ ಹೋದಾಗ ಸಿಕ್ಕ ನವಿಲುಗಳನ್ನ ಮನೇಲಿ ಸಾಕಿದ. ತಿಂಗಳ ಮೊದಲ ದಿನ ಜನರಿಗೆ ದರ್ಶನ! ಅವನ ಮಗನ ಕಾಲಕ್ಕೂ ಸ್ಪಾರ್ಟಾದಿಂದ ಜನ ಬಂದು ಮೊಟ್ಟೆ ಕೇಳೋರು. ಈ ನವಿಲುಗಳ ಬಗ್ಗೆ ಆಂಟಿಫೋನ್ ಅನ್ನೋ ಭಾಷಣಕಾರ ಒಂದು ಒಳ್ಳೇ ಮಾತು ಹೇಳಿದ್ದಾನೆ. ಹೊರಗೆ ಬಿಟ್ರೆ ಹಾರಿ ಹೋಗುತ್ತೆ, ರೆಕ್ಕೆ ಕತ್ತರಿಸಿದ್ರೆ ಚಂದವೇ ಹೋಗುತ್ತೆ ಅನ್ನೋದು ಅದರ ಸಾರ. ನವಿಲು ಸಾಕಿದ ಎಲ್ಲರ ಪಜೀತಿನೂ ಇದೇ.

ಕನ್ನಡದಲ್ಲೂ ಒಂದು ಅರಮನೆ ನವಿಲಿದೆ. ಹೊಯ್ಸಳರ ಕಾಲದ ಜನ್ನ 1209ರಲ್ಲಿ ಬರೆದ ‘ಯಶೋಧರ ಚರಿತೆ’ಯಲ್ಲಿ ರಾಜ ಯಶೋಧರ ತಾಯಿಯ ಮಾತಿಗೆ ಕಟ್ಟುಬಿದ್ದು ಹಿಟ್ಟಿನ ಕೋಳಿಯನ್ನ ಬಲಿ ಕೊಡ್ತಾನೆ. ಆ ಪಾಪಕ್ಕೆ ಮುಂದಿನ ಜನ್ಮದಲ್ಲಿ ಅವನು ನವಿಲು, ತಾಯಿ ನಾಯಿ. ಇಬ್ಬರೂ ಬಂದು ಸೇರೋದು ಮಗನ ಅರಮನೆಗೇ. ತಾನು ಸಾಕ್ತಿರೋ ನವಿಲು ತನ್ನ ಅಪ್ಪ ಅಂತ ಮಗನಿಗೆ ಗೊತ್ತಿಲ್ಲ. ಕೊನೆಗೆ ಆ ನವಿಲು ಸಾಯೋದು ನಾಯಿ ಬಾಯಿಗೆ ಸಿಕ್ಕಿ.

ಇನ್ನು ದಿನನಿತ್ಯದ ಖುಷಿ ಅಂದ್ರೆ ಅಮೆರಿಕದ ಲೇಖಕಿ ಫ್ಲಾನರಿ ಓ'ಕಾನರ್. 1952ರಲ್ಲಿ ರೈಲಿನಲ್ಲಿ ನವಿಲು ತರಿಸಿಕೊಂಡು ಜಾರ್ಜಿಯಾದ ತನ್ನ ಫಾರ್ಮ್‌ನಲ್ಲಿ ಸಾಕಿದ್ರು. ಅವು ಅಮ್ಮನ ಹೂಗಿಡ ತಿಂದವು, ಅಂಜೂರ ಖಾಲಿ ಮಾಡಿದವು, ರಾತ್ರಿಯೆಲ್ಲ ಕೂಗಿದವು. ಆದ್ರೂ ಸಂಖ್ಯೆ ನಲವತ್ತರ ಹತ್ತಿರ ಬಂತು! ಯಜಮಾನರು ಯಾರು ಅಂತ ಬೇರೆ ಹೇಳಬೇಕಾ?

ಹಾಗಾದ್ರೆ ನಾವೂ ಒಂದು ಸಾಕೋಣ್ವಾ? ಆಗಲ್ಲ. 1963ರಲ್ಲಿ ನವಿಲು ರಾಷ್ಟ್ರೀಯ ಪಕ್ಷಿ ಆಯ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಅದು ಮೊದಲನೇ ಷೆಡ್ಯೂಲ್‌ನಲ್ಲಿದೆ, ಹುಲಿ, ಆನೆ ಜೊತೆಗೆ. ಹೊಲದಲ್ಲಿ ಸಿಕ್ಕ ಮೊಟ್ಟೆಯನ್ನ ನಾಟಿ ಕೋಳಿ ಕೆಳಗಿಟ್ಟು ಮರಿ ಮಾಡಿಸಿದ್ರೂ ಅಪರಾಧವೇ. ಕನಿಷ್ಠ 3 ವರ್ಷ ಜೈಲು. ತಾನಾಗಿ ಉದುರಿದ ಗರಿ ಇಟ್ಟುಕೊಳ್ಳೋದಕ್ಕೆ ಮಾತ್ರ ಅಡ್ಡಿಯಿಲ್ಲ.

ಕಾನೂನು ಬಿಡಿ, ನವಿಲಿನ ಕಡೆಯಿಂದ ಯೋಚನೆ ಮಾಡಿ. ದಿನಾ ಕೈತುತ್ತು ತಿಂದ ನವಿಲಿಗೆ ಮನುಷ್ಯರ ಭಯ ಹೋಗುತ್ತೆ. ಆಮೇಲೆ ರೋಡಿಗೂ ಬರುತ್ತೆ, ಬೀದಿನಾಯಿ ಇರೋ ಕಡೆಗೂ ಬರುತ್ತೆ. ಜನ್ನನ ಕಥೆ ಲೇಔಟ್‌ನಲ್ಲೇ ನಡೆದುಹೋಗುತ್ತೆ. ಅದಕ್ಕೇ ಕಾಳು ಹಾಕಿ ಅಭ್ಯಾಸ ಮಾಡಿಸಬೇಡಿ. ಗಾಯವಾದ ನವಿಲೋ ಒಂಟಿ ಮರಿಯೋ ಕಂಡ್ರೆ ಮನೆಗೆ ತರಬೇಡಿ, ಅರಣ್ಯ ಇಲಾಖೆಗೆ ಫೋನ್ ಮಾಡಿ.

ಕಣ್ತುಂಬಾ ನೋಡಬೇಕು ಅಂದ್ರೆ ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿಯಲ್ಲಿ 1981ರಿಂದಲೇ ನವಿಲುಧಾಮ ಇದೆ. ಹಾವೇರಿ ಜಿಲ್ಲೆ ಬಂಕಾಪುರದ ಹಳೇ ಕೋಟೆಯೊಳಗೂ ಒಂದಿದೆ. ನಮ್ಮ ಪಕ್ಕದಲ್ಲೇ ತುರಹಳ್ಳಿ ಇದೆ. ಅಲ್ಲಿ ಟ್ರೀ ಪಾರ್ಕ್ ಮಾಡ್ತಾರೆ ಅಂದಾಗ, 2021ರಲ್ಲಿ, ಕಾಡನ್ನ ಕಾಡಾಗೇ ಬಿಡಿ ಅಂತ ಸುತ್ತಮುತ್ತಲಿನ ಜನ ಬೀದಿಗಿಳಿದಿದ್ರು. ಪಿರಿಲಾಂಪೆಸ್‌ಗೆ ತಿಂಗಳಿಗೊಂದು ದಿನ ಬಾಗಿಲು ತೆರೀಬೇಕಿತ್ತು. ಆ ಕಾಡು ಉಳಿದ್ರೆ ನಮಗೆ ದಿನಾ ಬೆಳಿಗ್ಗೆ ದರ್ಶನ, ರೆಕ್ಕೆ ಕತ್ತರಿಸೋ ಪ್ರಶ್ನೆಯೂ ಇಲ್ಲ.

ನಿಮ್ಮ ಏರಿಯಾದಲ್ಲಿ ನವಿಲು ಕೂಗೋದು ಕೇಳಿಸುತ್ತಾ? ವಾಯ್ಸ್ ನೋಟ್ ಕಳಿಸಿ. ಮುಂದಿನ ವಾರ ಸಿಗೋಣ.